ಪಕ್ಕದ ಮನೆಯ ಹಬ್ಬಕ್ಕೂ ಕ್ಯಾಲೆಂಡರಿನಲ್ಲಿ ಜಾಗವಿರಲಿ

(ಕೊಪ್ಪದಲ್ಲಿ ನಡೆದ ಕನ್ನಡ ರಾಜ್ಯೋತ್ಸವದ ಸಭೆಯೊಂದರಲ್ಲಿ ಆಡಿದ ಮಾತುಗಳು. ಪತ್ರಿಕೆಯ ಓದುಗರಿಗಾಗಿ ಬರೆದುಕೊಟ್ಟದ್ದು.)



ನಾನು ಭಾಷಣಕಾರನಲ್ಲ. ಪಿಯುಸಿಗೆ ಓದು ಮುಗಿಸಿ ಪ್ರೆಸ್ಸಿಗೆ ಬಂದು ಕೂತವನು. ಮೊಳೆ ಜೋಡಿಸುವ ಕಾಲದ ಕೊನೆಯನ್ನೂ ಕಂಡಿದ್ದೇನೆ, ಇವತ್ತಿನ ಆಫ್‌ಸೆಟ್ಟು, ಫ್ಲೆಕ್ಸನ್ನೂ ಕಾಣುತ್ತಿದ್ದೇನೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರು ತಾಲ್ಲೂಕಿನವರ ಕಾಗದ ಪತ್ರಗಳನ್ನು ಅಚ್ಚು ಹಾಕಿ ಬದುಕುತ್ತಿರುವವನು. ದೇವಸ್ಥಾನದ ರಥೋತ್ಸವದ ಆಮಂತ್ರಣ, ಚರ್ಚಿನ ಹಬ್ಬದ ಕರಪತ್ರ, ದರ್ಗಾದ ಉರೂಸಿನ ಪೋಸ್ಟರು, ಬಸದಿಯ ಪೂಜೆಯ ರಸೀದಿ ಪುಸ್ತಕ, ಎಲ್ಲವೂ ನಮ್ಮಲ್ಲಿ ಒಂದೇ ಮೆಷಿನ್ನಿನಿಂದ ಹೊರಗೆ ಬರುತ್ತವೆ.

ಡಿಸೆಂಬರ್ ಬಂತೆಂದರೆ ಕ್ಯಾಲೆಂಡರಿನ ಕೆಲಸ. ಶಿವಕಾಶಿಯಿಂದ ಬಂದ ಕ್ಯಾಲೆಂಡರಿನ ಕೆಳಗೆ ಅಂಗಡಿಯವರ ಹೆಸರು, ಫೋನ್ ನಂಬರು ಹಾಕಿಕೊಡುತ್ತೇವೆ. ಆಗ ಗಿರಾಕಿಗಳು ಹಾಳೆ ತಿರುವಿ ಕೆಂಪು ತಾರೀಖುಗಳನ್ನು ಎಣಿಸುತ್ತಾರೆ. ಒಬ್ಬರಲ್ಲ ಒಬ್ಬರು ಕೇಳಿಯೇ ಕೇಳುತ್ತಾರೆ: "ಅವರ ಹಬ್ಬಕ್ಕೆಲ್ಲ ನಮಗ್ಯಾಕೆ ರಜೆ?" ಈ ಪ್ರಶ್ನೆಗೆ ಉತ್ತರ ಹೇಳಲೆಂದೇ ಇವತ್ತು ನಿಂತಿದ್ದೇನೆ.

ರಜೆ ಬರುವುದು ಎಲ್ಲಿಂದ?

ಮೊದಲು ಕಾನೂನು ತಿಳಿಯೋಣ. ಚೆಕ್ ಬೌನ್ಸ್ ಆದರೆ ಕೇಸು ಹಾಕುತ್ತಾರಲ್ಲ, ಅದೇ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆ. ಅದರ 25ನೇ ಕಲಮಿನಲ್ಲಿ ಸಾರ್ವಜನಿಕ ರಜೆಯ ಮಾತಿದೆ. ಹಣ ಕೊಡಬೇಕಾದ ಗಡುವು ರಜೆಯ ದಿನ ಬಿದ್ದರೆ ಏನು ಮಾಡಬೇಕೆಂಬ ವ್ಯವಹಾರದ ಪ್ರಶ್ನೆಗೆ ಬ್ರಿಟಿಷರು ಬರೆದಿಟ್ಟ ಕಲಮು ಅದು. ಹಾಗೆ ರಜೆ ಸಾರುವ ಅಧಿಕಾರವನ್ನು ಕೇಂದ್ರ ಸರ್ಕಾರ 1957ರಲ್ಲಿ ರಾಜ್ಯಗಳಿಗೂ ಕೊಟ್ಟಿತು. ಪ್ರತಿ ವರ್ಷ ನಮ್ಮ ಸರ್ಕಾರದ ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ ರಜಾ ಪಟ್ಟಿ ಹೊರಡಿಸುತ್ತದೆ.

ಆ ಪಟ್ಟಿಯಲ್ಲಿ ಎರಡು ಭಾಗಗಳಿವೆ. ಒಂದು, ಎಲ್ಲರಿಗೂ ಅನ್ವಯಿಸುವ ಸಾರ್ವತ್ರಿಕ ರಜೆ. ಯುಗಾದಿ, ರಂಜಾನ್, ಗುಡ್ ಫ್ರೈಡೇ, ಮಹಾವೀರ ಜಯಂತಿ, ಬಸವ ಜಯಂತಿ, ಆಯುಧಪೂಜೆ, ಕ್ರಿಸ್‌ಮಸ್ ಎಲ್ಲ ಅದರಲ್ಲಿವೆ. ಇನ್ನೊಂದು ಪರಿಮಿತ ರಜೆ. ಶಂಕರಾಚಾರ್ಯ ಜಯಂತಿ, ನಾರಾಯಣ ಗುರು ಜಯಂತಿ, ಓಣಂ, ಉಪಾಕರ್ಮ, ಷಬ್-ಎ-ಬರಾತ್ ಇತ್ಯಾದಿ. ಅವುಗಳಲ್ಲಿ ತನಗೆ ಬೇಕಾದುದನ್ನು ನೌಕರ ಗೊತ್ತಾದ ಮಿತಿಯೊಳಗೆ ಆರಿಸಿಕೊಳ್ಳಬಹುದು. ಮುಸ್ಲಿಮರ ಹಬ್ಬ ಚಂದ್ರದರ್ಶನದಿಂದ ಹಿಂದೆ ಮುಂದೆ ಆದರೆ ಅವರ ನೌಕರರಿಗೆ ಹಬ್ಬದ ದಿನವೇ ರಜೆ ಕೊಡಬಹುದೆಂದು ಪಟ್ಟಿಯ ಟಿಪ್ಪಣಿಯಲ್ಲೇ ಬರೆದಿರುತ್ತಾರೆ.

ಅಂದರೆ ಸರ್ಕಾರ ಯಾರಿಗೂ ಪೂಜೆ ಮಾಡಿ ಎಂದು ಹೇಳುತ್ತಿಲ್ಲ. "ಈ ದಿನ ನಿಮ್ಮ ನೆರೆಯವರಿಗೆ ದೊಡ್ಡ ದಿನ, ಇದು ಈ ನಾಡಿಗೆ ಗೊತ್ತಿದೆ" ಎಂದು ಹೇಳುತ್ತಿದೆ. ಅಷ್ಟೇ.

'ಅವರು' ಎಂದರೆ ಯಾರು?

ಇನ್ನು 'ಅವರು' ಎನ್ನುವ ಮಾತಿಗೆ ಬರೋಣ. ಶೃಂಗೇರಿಗೆ ಹೋದವರು ಶಾರದಾಂಬೆಗೆ ಕೈಮುಗಿದು ಬರುತ್ತೀರಿ. ಅದೇ ಊರಿನ ನಡುವೆ 12ನೇ ಶತಮಾನದ ಪಾರ್ಶ್ವನಾಥ ಬಸದಿ ಇದೆ, ನೋಡಿದ್ದೀರಾ? ನರಸಿಂಹರಾಜಪುರದ ಪಕ್ಕದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿ ಇದೆ. ಅದೇ ತಾಲ್ಲೂಕಿನ ಬಾಳೆಹೊನ್ನೂರಿನಲ್ಲಿ ರಂಭಾಪುರಿ ಪೀಠ. ಕೇರಳದಿಂದ ಬಂದು ರಬ್ಬರು, ಅಡಿಕೆ, ಕಾಳುಮೆಣಸು ಬೆಳೆದು ನೆಲೆನಿಂತ ಕ್ರೈಸ್ತ ಕುಟುಂಬಗಳು ಅಲ್ಲೇ ಇವೆ. ಪೇಟೆಯಲ್ಲಿ ಮುಸ್ಲಿಮರ ಅಂಗಡಿ, ಹಳ್ಳಿಯಲ್ಲಿ ಬಿಲ್ಲವರ, ಒಕ್ಕಲಿಗರ, ದಲಿತರ ಕೇರಿಗಳು. ಈಗ ಕಾಫಿ ತೋಟದ ಲೈನುಗಳಲ್ಲಿ ಅಸ್ಸಾಮಿನಿಂದ ಬಂದ ಕೆಲಸಗಾರರು. ಇವರಲ್ಲಿ 'ನಾವು' ಎಲ್ಲಿ ಮುಗಿದು 'ಅವರು' ಎಲ್ಲಿ ಶುರುವಾಗುತ್ತಾರೆ, ಗೆರೆ ಎಳೆದು ತೋರಿಸಿ ನೋಡೋಣ!

1791ರಲ್ಲಿ ಮರಾಠಾ ಸೇನೆಯವರು ಶೃಂಗೇರಿಯನ್ನು ಕೊಳ್ಳೆ ಹೊಡೆದರು. ಆಗ ಟಿಪ್ಪು ಸುಲ್ತಾನ್ ಮಠದ ಸ್ವಾಮಿಗಳಿಗೆ ಪತ್ರ ಬರೆದು, ಶಾರದೆಯ ಮರುಪ್ರತಿಷ್ಠೆಗೆ ನೆರವು ಕಳಿಸಿದ. ಆ ಪತ್ರಗಳನ್ನು 1916ರಲ್ಲಿ ಮೈಸೂರಿನ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರು ಮಠದಲ್ಲಿ ಕಂಡು ಬೆಳಕಿಗೆ ತಂದರು. ಆ ಅರಸನ ಬಗ್ಗೆ ನಾಡಿನಲ್ಲಿ ಜಗಳಗಳಿವೆ, ಅದನ್ನು ಇತಿಹಾಸ ಓದಿದವರು ಬಗೆಹರಿಸಿಕೊಳ್ಳಲಿ. ನಾನು ತೋರಿಸುವುದು ಒಂದೇ ಸಂಗತಿ: ಆ ಪತ್ರಗಳು ಕನ್ನಡದಲ್ಲಿವೆ. ಬೇರೆ ಧರ್ಮದ ಆಸ್ಥಾನವೂ ನಮ್ಮ ಮಠವೂ ಮಾತಾಡಿಕೊಳ್ಳಬೇಕಾದಾಗ ನಡುವೆ ನಿಂತದ್ದು ಕನ್ನಡ.

ಕ್ಯಾಲೆಂಡರು ನೋಡುವ ನನಗೆ ಇನ್ನೊಂದು ಸಂಗತಿ ಹೊಳೆಯುತ್ತದೆ. ನಮ್ಮ ಪಂಚಾಂಗಕ್ಕೆ ಅಧಿಕಮಾಸ ಉಂಟು, ಹಿಜರಿ ಲೆಕ್ಕಕ್ಕೆ ಇಲ್ಲ. ಹಾಗಾಗಿ ರಂಜಾನ್ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಸರಿಯುತ್ತದೆ. 2015ರಲ್ಲಿ ಅದು ಜುಲೈ ತಿಂಗಳ ಜಡಿಮಳೆಯಲ್ಲಿ ಬಂದಿತ್ತು. 2025ರಲ್ಲಿ ಮಾರ್ಚ್ 31ಕ್ಕೆ ಬಂತು. ಅದರ ಹಿಂದಿನ ದಿನ, ಮಾರ್ಚ್ 30, ನಮ್ಮ ಯುಗಾದಿ! ಬೇವು ಬೆಲ್ಲ ತಿಂದವರು ಯುಗಾದಿ ಚಂದ್ರನನ್ನು ನೋಡಲು ಅಂಗಳಕ್ಕೆ ಬಂದ ಹೊತ್ತಿಗೆ, ಉಪವಾಸ ಮುಗಿಸುವವರು ಅದೇ ಚಂದ್ರನನ್ನು ಹುಡುಕುತ್ತಿದ್ದರು. ಒಂದೇ ಆಕಾಶ, ಒಂದೇ ಬಿದಿಗೆ ಚಂದ್ರನಂಥ ಗೆರೆ, ಎರಡು ಹಬ್ಬ. ಇದನ್ನು ಯಾವ ಶಾಲೆಯಲ್ಲಿ ಮಕ್ಕಳಿಗೆ ಹೇಳಿಕೊಟ್ಟರು ಹೇಳಿ?

ನಮ್ಮ ಹಬ್ಬಕ್ಕೇ ಹೆಸರಿಲ್ಲ

"ಬರೀ ಅವರಿಗೆ ಮಾನ್ಯತೆ" ಎಂದು ಕೂಗುವವರು ಒಂದು ಮಾತು ಗಮನಿಸಬೇಕು. ನಮ್ಮ ಮಲೆನಾಡಿನ ಭೂಮಿ ಹುಣ್ಣಿಮೆ ಎಂಥ ಹಬ್ಬ! ಬಸುರಿ ಭೂಮಿಗೆ ಬಯಕೆ ಹಾಕುವ ಹಬ್ಬ. ರಾತ್ರಿಯೆಲ್ಲ ಅಡುಗೆ ಮಾಡಿ, ನಸುಕಿನಲ್ಲಿ ಚಿತ್ತಾರದ ಬುಟ್ಟಿ ಹೊತ್ತು ಗದ್ದೆಗೆ ಹೋಗುತ್ತೇವೆ. ಸರ್ಕಾರದ ಪಟ್ಟಿಯಲ್ಲಿ ಸಾರ್ವತ್ರಿಕ ರಜೆಯಾಗಿ ಅದರ ಹೆಸರಿಲ್ಲ. ಆದರೂ ಆ ದಿನ ಶಾಲೆಗೆ ರಜೆ ಇರುತ್ತದೆ. ಹೇಗೆ? ಅದೇ ಹುಣ್ಣಿಮೆ ಮಹರ್ಷಿ ವಾಲ್ಮೀಕಿ ಜಯಂತಿ. ನಾಯಕ ಸಮುದಾಯದ ಬಂಧುಗಳು ದೊಡ್ಡದಾಗಿ ಆಚರಿಸುವ ದಿನ ನಮ್ಮ ಗದ್ದೆಗೂ ಬಿಡುವು ತಂದುಕೊಟ್ಟಿದೆ. ನೆರೆಯವರ ರಜೆಯಿಂದ ನಮ್ಮ ಹಬ್ಬ ನಡೆಯುತ್ತಿದೆ!

ಕೊಡಗನ್ನು ನೋಡಿ. ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ ಈ ಮೂರಕ್ಕೂ ಕೊಡಗು ಜಿಲ್ಲೆಗೆ ಮಾತ್ರ ಎಂದು ಸರ್ಕಾರವೇ ಸ್ಥಳೀಯ ರಜೆ ಬರೆಯುತ್ತದೆ. ನೆಲದ ಹಬ್ಬಕ್ಕೆ ನೆಲದ ರಜೆ, ಎಷ್ಟು ಸರಿಯಾದ ಕ್ರಮ! ನಾವೂ ಮಲೆನಾಡಿನವರು ಭೂಮಿ ಹುಣ್ಣಿಮೆಯ ಹೆಸರು ಪಟ್ಟಿಯಲ್ಲಿ ಬರಲಿ ಎಂದು ಕೇಳಬಹುದು, ಕೇಳಬೇಕು.

ಕೇಂದ್ರ ಸರ್ಕಾರದ ಕಚೇರಿಗಳ ಪಟ್ಟಿ ಇನ್ನೊಂದು ಬಗೆ. ಅಲ್ಲಿ ದೇಶಕ್ಕೆಲ್ಲ ಕಡ್ಡಾಯವಾದ 14 ದಿನಗಳಿವೆ. ಬುದ್ಧ ಪೂರ್ಣಿಮೆ ಇದೆ, ಗುರುನಾನಕ್ ಜಯಂತಿ ಇದೆ, ಇರಲಿ, ಸಂತೋಷ. ಆದರೆ ಆ 14ರಲ್ಲಿ ಯುಗಾದಿ ಇಲ್ಲ, ನವೆಂಬರ್ 1 ಇಲ್ಲ. ಪ್ರಾದೇಶಿಕ ಹಬ್ಬಗಳಲ್ಲಿ ಮೂರನ್ನು ಮಾತ್ರ ರಾಜ್ಯದ ರಾಜಧಾನಿಯ ಸಮನ್ವಯ ಸಮಿತಿ ಆರಿಸಿಕೊಳ್ಳುತ್ತದೆ. ದೂರದವರು ಕೂತು ನಮ್ಮ ದೊಡ್ಡ ದಿನ ಯಾವುದೆಂದು ತೀರ್ಮಾನಿಸಿದರೆ ನಮ್ಮ ಹೊಟ್ಟೆ ಉರಿಯುತ್ತದಲ್ಲ? ತೋಟದ ಲೈನಿನಲ್ಲಿ ಇರುವವನ ದೊಡ್ಡ ದಿನವನ್ನು ನಾವೇ ತೀರ್ಮಾನಿಸಿದಾಗ ಅವನಿಗೂ ಹಾಗೇ ಉರಿಯುತ್ತದೆ.

ನ್ಯೂಯಾರ್ಕಿನಲ್ಲಿ ಚಪ್ಪಾಳೆ, ನಮ್ಮೂರಲ್ಲಿ ಗೊಣಗಾಟ

2023ರ ನವೆಂಬರಿನಲ್ಲಿ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿಯ ರಜೆ ಕೊಡುವ ಕಾನೂನಿಗೆ ಅಲ್ಲಿನ ಗವರ್ನರ್ ಸಹಿ ಹಾಕಿದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು. ಅಲ್ಲಿರುವ ನಮ್ಮವರ ಮಕ್ಕಳು ಇನ್ನು ಹಬ್ಬದ ದಿನ ಶಾಲೆ ತಪ್ಪಿಸಬೇಕಾಗಿಲ್ಲ ಎಂದು ಹಿಗ್ಗಿದೆವು. ನ್ಯೂಯಾರ್ಕಿಗೆ ಒಪ್ಪುವ ನ್ಯಾಯ ನರಸಿಂಹರಾಜಪುರಕ್ಕೆ ಒಪ್ಪುವುದಿಲ್ಲವೇ?

"ಹಾಗಾದರೆ ವರ್ಷವೆಲ್ಲ ರಜೆಯೇ?" ಎಂದು ನೀವು ಕೇಳಬಹುದು. ಕೇಳಬೇಕಾದ ಪ್ರಶ್ನೆಯೇ. ದಿನಗೂಲಿಯವನಿಗೆ ಕೆಂಪು ತಾರೀಖು ಎಂದರೆ ಒಲೆ ಉರಿಯದ ದಿನ. ಸಾರ್ವಜನಿಕ ರಜೆ ಯಾರ ಮೂಲಭೂತ ಹಕ್ಕೂ ಅಲ್ಲ ಎಂದು 2022ರ ಜನವರಿಯಲ್ಲಿ ಬಾಂಬೆ ಹೈಕೋರ್ಟ್ ಹೇಳಿದೆ. ಸಿಂಗಪುರದವರು 1968ರಲ್ಲಿ ರಜೆ ಕಡಿಮೆ ಮಾಡಿದಾಗ ಎಲ್ಲ ಧರ್ಮದವರೂ ಬಿಟ್ಟುಕೊಟ್ಟರು. ಹಿಂದೂಗಳಿಗೆ ದೀಪಾವಳಿ ಉಳಿಯಿತು, ತೈಪೂಸಂ ಹೋಯಿತು. ಮುಸ್ಲಿಮರಿಗೆ ಎರಡು ಈದ್ ಉಳಿದವು, ಪ್ರವಾದಿ ಜನ್ಮದಿನದ ರಜೆ ಹೋಯಿತು. ಕ್ರೈಸ್ತರಿಗೆ ಗುಡ್ ಫ್ರೈಡೇ, ಕ್ರಿಸ್‌ಮಸ್ ಉಳಿದವು, ಈಸ್ಟರಿನ ರಜೆಗಳು ಹೋದವು. ಕಡಿಮೆ ಮಾಡುವುದಾದರೂ ಹೀಗೆ ಎಲ್ಲರಿಂದಲೂ ಆಗಲಿ. ಒಬ್ಬರ ಹಬ್ಬ ಮಾತ್ರ ಅಳಿಸಿದರೆ ಅದು ಉಳಿತಾಯವಲ್ಲ, ಅವಮಾನ.

2022ರ ಮಾರ್ಚಿನಲ್ಲಿ ಕರಾವಳಿಯಲ್ಲೂ ಶಿವಮೊಗ್ಗದಲ್ಲೂ ಕೆಲವು ಜಾತ್ರೆಗಳಿಂದ ಮುಸ್ಲಿಂ ವ್ಯಾಪಾರಿಗಳನ್ನು ಹೊರಗಿಟ್ಟರು. ಬಳೆ, ಮಿಠಾಯಿ, ಆಟಿಕೆ ಮಾರುವವನಿಗೆ ಜಾತ್ರೆಯೇ ವರ್ಷದ ಗಳಿಕೆ. ಪೇಟೆಯಲ್ಲಿ ಅವನ ಹಬ್ಬ ನಮಗೆ ಬೇಡ, ನಮ್ಮ ಹಬ್ಬದಲ್ಲಿ ಅವನು ಬೇಡ ಎಂದಾದರೆ, ಉಳಿಯುವುದು ಖಾಲಿ ತೇರುಬೀದಿ ಮಾತ್ರ.

ಐದು ದಿನ ನಮ್ಮ ಕೈಯಲ್ಲೇ ಇವೆ

ಸರ್ಕಾರದ ಪಟ್ಟಿ ಬದಲಾಗಲಿ ಎಂದು ಕಾಯಬೇಕಾಗಿಲ್ಲ. 1963ರ ರಾಷ್ಟ್ರೀಯ ಮತ್ತು ಹಬ್ಬದ ರಜೆಗಳ ಕಾಯ್ದೆ ಎಂಬುದೊಂದು ನಮ್ಮ ರಾಜ್ಯದಲ್ಲಿದೆ. ಕಾರ್ಖಾನೆಗೂ ತೋಟಕ್ಕೂ ಅಂಗಡಿ, ಸಂಸ್ಥೆಗಳಿಗೂ ಅನ್ವಯಿಸುತ್ತದೆ. ಜನವರಿ 26, ಮೇ 1, ಆಗಸ್ಟ್ 15, ಅಕ್ಟೋಬರ್ 2, ನವೆಂಬರ್ 1 ಈ ಐದು ದಿನ ಕಡ್ಡಾಯ, ಸಂಬಳ ಸಹಿತ ರಜೆ. ಅದರ ಮೇಲೆ ಇನ್ನೂ ಐದು ಹಬ್ಬಗಳು. ಆ ಐದು ಯಾವುವೆಂದು ಮಾಲೀಕರ ಜೊತೆ ಕೆಲಸಗಾರರನ್ನೂ ಕೇಳಿಯೇ ನಿಗದಿ ಮಾಡಬೇಕು. ರಜೆಯ ದಿನ ದುಡಿಸಿಕೊಂಡರೆ ಎರಡರಷ್ಟು ಕೂಲಿ, ಇಲ್ಲವೇ ಕೂಲಿಯ ಜೊತೆ ಬದಲಿ ರಜೆ. ಎಷ್ಟು ಕಡೆ ಹೀಗೆ ಕೇಳುತ್ತಾರೆ? ನಿಮ್ಮ ಅಂಗಡಿಯಲ್ಲಿ ಕೇಳಿದ್ದೀರಾ?

ನಮ್ಮ ಪ್ರೆಸ್ಸಿನಲ್ಲಿ ಇರುವುದು ನಾಲ್ಕು ಜನ. ಒಬ್ಬರು ಕ್ರೈಸ್ತರು, ಒಬ್ಬ ಮುಸ್ಲಿಂ ಹುಡುಗ, ಇಬ್ಬರು ಹಿಂದೂಗಳು. ವರ್ಷದ ಮೊದಲ ವಾರ ಚಹಾ ತರಿಸಿಕೊಂಡು ಕೂರುತ್ತೇವೆ. ಸುಲಭದಲ್ಲಿ ಮುಗಿಯುವುದಿಲ್ಲ. ಬೈಂಡಿಂಗ್ ಮಾಡುವವರು, "ಅಣ್ಣಾ, ಗುಡ್ ಫ್ರೈಡೇ ದಿನ ಮಧ್ಯಾಹ್ನವಿಡೀ ನಾವು ಚರ್ಚಿನಲ್ಲೇ ಇರಬೇಕು, ಅದು ಹಬ್ಬದೂಟದ ದಿನ ಅಲ್ಲ" ಎಂದಾಗಲೇ ಉಳಿದವರಿಗೆ ಆ ದಿನದ ಅರ್ಥ ಗೊತ್ತಾದದ್ದು. ಕೊನೆಗೆ ಯುಗಾದಿ, ರಂಜಾನ್, ಆಯುಧಪೂಜೆ, ಬಲಿಪಾಡ್ಯಮಿ, ಕ್ರಿಸ್‌ಮಸ್ ಎಂದು ಐದು ಬರೆದೆವು. ಉಳಿದ ಹಬ್ಬಗಳಿಗೆ ಅದಲುಬದಲು: ಗುಡ್ ಫ್ರೈಡೇಗೆ ಅವರು ಹೋದರೆ ಉಳಿದವರು ಬೈಂಡಿಂಗ್ ನೋಡಿಕೊಳ್ಳುತ್ತಾರೆ, ಚೌತಿಗೆ ಇವರು ಹೋದರೆ ಅವರಿಬ್ಬರು ಮೆಷಿನ್ ನಡೆಸುತ್ತಾರೆ. ಕೆಲಸವೂ ನಿಲ್ಲುವುದಿಲ್ಲ, ಮನಸ್ಸೂ ಕೆಡುವುದಿಲ್ಲ.

ಬಂಧುಗಳೇ, ನಾವು ಕನ್ನಡದ ಕೆಲಸ ಮಾಡುವವರು. ಹೊರಗಿನಿಂದ ಬಂದವರು ಕನ್ನಡ ಕಲಿಯಬೇಕು ಎನ್ನುತ್ತೇವೆ. ಸರಿಯೇ, ಕಲಿಯಲೇಬೇಕು. ಆದರೆ ಅವನ ಹೆಸರೇನು, ಅವನ ಹಬ್ಬ ಯಾವುದು ಎಂದು ಕೂಡ ಕೇಳದ ಊರಿನ ಭಾಷೆಯನ್ನು ಅವನು ಯಾವ ಪ್ರೀತಿಯಿಂದ ಕಲಿತಾನು? ರಜೆಯ ನೋಟೀಸು ಕನ್ನಡದಲ್ಲಿ ಹಾಕಿ, ಅದರ ಕೆಳಗೆ ಎರಡು ಸಾಲಿನಲ್ಲಿ ಆ ಹಬ್ಬ ಏನೆಂದು ಬರೆಯಿರಿ. ಬ್ಯಾಂಕಿನ ಬಾಗಿಲಲ್ಲಿ, ಶಾಲೆಯ ಬೋರ್ಡಿನಲ್ಲಿ, ತೋಟದ ಆಫೀಸಿನಲ್ಲಿ. ರಜೆಯ ಹಿಂದಿನ ದಿನ ಮೇಷ್ಟ್ರು ಪ್ರಾರ್ಥನೆಯ ಹೊತ್ತಿನಲ್ಲಿ ಐದು ನಿಮಿಷ ಹೇಳಲಿ. ಎಲ್ಲರ ಹಬ್ಬವನ್ನೂ ಎಲ್ಲರಿಗೂ ತಿಳಿಸಬಲ್ಲ ಭಾಷೆ ಈ ಮೂರು ತಾಲ್ಲೂಕಿನಲ್ಲಿ ಕನ್ನಡ ಒಂದೇ.

ಮೇಲೆ ಹೇಳಿದ ಹತ್ತು ದಿನಗಳಲ್ಲಿ ನವೆಂಬರ್ 1 ಯಾವ ದೇವರ ಹೆಸರೂ ಕೇಳದೆ, ಈ ನಾಡಿನಲ್ಲಿ ಬಾಳುವ ಎಲ್ಲರಿಗೂ ಕನ್ನಡದ ಹೆಸರಿನಲ್ಲೇ ಸಿಗುವ ದಿನ. ವಿಶ್ವಮಾನವ ಎಂದ ಕುವೆಂಪು ಹುಟ್ಟಿದ್ದು ಇದೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ. ಆ ಹೆಸರು ಹೇಳುವ ಅರ್ಹತೆ ನಮಗೆ ಬರಬೇಕಾದರೆ ಒಂದು ಕೆಲಸ ಮಾಡೋಣ. ಬರುವ ಜನವರಿಯೊಳಗೆ ನಿಮ್ಮ ಅಂಗಡಿ, ತೋಟ, ಗ್ಯಾರೇಜು, ಮಿಲ್ಲು ಎಲ್ಲೇ ಇರಲಿ, ಕೆಲಸದವರನ್ನೆಲ್ಲ ಕೂರಿಸಿಕೊಂಡು ಆ ಐದು ಹಬ್ಬಗಳನ್ನು ಕೇಳಿ ಬರೆಯಿರಿ. ಕನ್ನಡದಲ್ಲಿ ಬರೆದು ಗೋಡೆಗೆ ಹಚ್ಚಿ. ಅಚ್ಚು ಹಾಕಿಸಬೇಕೆಂದರೆ ನಮ್ಮ ಪ್ರೆಸ್ಸಿಗೆ ತನ್ನಿ, ಒಂದು ಹಾಳೆಗೆ ನಾನು ದುಡ್ಡು ತೆಗೆದುಕೊಳ್ಳುವುದಿಲ್ಲ.

ಸಿರಿಗನ್ನಡಂ ಗೆಲ್ಗೆ.