ಮುಟ್ಟು ನಿಲ್ಲುವ ಹೊತ್ತು
(ಮಹಿಳಾ ಆರೋಗ್ಯ ಪ್ರದರ್ಶನದ ಉದ್ಘಾಟನಾ ಭಾಷಣ)



ಕರ್ನಾಟಕ ಸರ್ಕಾರ 2025ರಲ್ಲಿ ಮುಟ್ಟಿನ ರಜೆಯ ಆದೇಶ ಹೊರಡಿಸಿತು. ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ, ವರ್ಷಕ್ಕೆ 12 ದಿನ, ಸಂಬಳ ಸಹಿತ. ಆದೇಶದಲ್ಲಿ ವಯಸ್ಸನ್ನೂ ಬರೆದಿದ್ದಾರೆ: 18ರಿಂದ 52. ಮುಟ್ಟು ಒಂದು ದಿನ ನಿಲ್ಲುತ್ತದೆ ಎಂಬುದನ್ನು ಸರ್ಕಾರಿ ಕಾಗದವಾದರೂ ಲೆಕ್ಕಕ್ಕೆ ತೆಗೆದುಕೊಂಡಿತಲ್ಲ, ಸಂತೋಷ. ಆದರೆ ನಿಲ್ಲುವುದಕ್ಕೆ ಮುಂಚಿನ ಕೆಲವು ವರ್ಷ ಆ ಹೆಂಗಸು ಏನೇನು ಪಡುತ್ತಾಳೆ ಎಂಬ ಮಾತು ಆಫೀಸಿನಲ್ಲೂ ಇಲ್ಲ, ಅಡುಗೆಮನೆಯಲ್ಲೂ ಇಲ್ಲ. ಹುಡುಗಿ ಮೈನೆರೆದಾಗ ಆರತಿ ಎತ್ತಿ ಚಿಗಳಿ ಹಂಚುವ ಊರಿಗೆ ಅವಳ ಕೊನೆಯ ಮುಟ್ಟಿನ ಸುದ್ದಿ ಮುಟ್ಟುವುದೇ ಇಲ್ಲ.

ಅವಳಿಗೂ ಅದು ತಿಳಿಯುವುದು ತಡವಾಗಿಯೇ. ಸತತ 12 ತಿಂಗಳು ಮುಟ್ಟಾಗದಿದ್ದರೆ ಮಾತ್ರ ವೈದ್ಯರು ಅದನ್ನು ಋತುಬಂಧ ಎನ್ನುತ್ತಾರೆ. ಜಗತ್ತಿನಾದ್ಯಂತ ಇದು ಹೆಚ್ಚಾಗಿ 45ರಿಂದ 55ರೊಳಗೆ ಆಗುತ್ತದೆ. ಭಾರತದ ಹೆಂಗಸರಲ್ಲಿ ಸರಾಸರಿ 46-47ಕ್ಕೇ ಆಗಿಬಿಡುತ್ತದೆ. 40ಕ್ಕಿಂತ ಮೊದಲೇ ನಿಂತರೆ ಕಾಯುತ್ತ ಕೂರದೆ ವೈದ್ಯರಿಗೆ ತೋರಿಸಬೇಕು.

ಮುಟ್ಟು ನಿಲ್ಲುವ ಮುಂಚಿನ ವರ್ಷಗಳಲ್ಲಿ ಅಂಡಾಶಯದ ಈಸ್ಟ್ರೋಜನ್ ಹಾರ್ಮೋನ್ ಏರುಪೇರಾಗಿ ಕೊನೆಗೆ ಇಳಿಯುತ್ತದೆ. ಅದರ ಪರಿಣಾಮ ತಲೆಯಲ್ಲೂ ಕಾಣುತ್ತದೆ. ಮೈಯ ಶಾಖವನ್ನು ಹದದಲ್ಲಿಡುವ ಮಿದುಳಿನ ಭಾಗ ಅತಿಸೂಕ್ಷ್ಮವಾಗುತ್ತದೆ. ಮೈಬಿಸಿ ಕೂದಲೆಳೆಯಷ್ಟು ಏರಿದರೂ ಸಾಕು, ವಿಪರೀತ ಸೆಕೆ ಎಂದು ಭಾವಿಸಿ ರಕ್ತನಾಳ ಹಿಗ್ಗಿಸಿ ಬೆವರು ಹರಿಸುತ್ತದೆ. ಎದೆಯಿಂದ ಮುಖಕ್ಕೆ ಝಳ ಹೊಡೆದು, ರವಿಕೆ ಒದ್ದೆಯಾಗಿ, ಎರಡು ನಿಮಿಷಕ್ಕೆಲ್ಲ ಚಳಿ. ರಾತ್ರಿ ಇದೇ ನಾಲ್ಕು ಸಲ ಆದರೆ ನಿದ್ದೆ ಎಲ್ಲಿ? ನಿದ್ದೆ ಇಲ್ಲದವಳಿಗೆ ಮರೆವು, ಸಿಡುಕು, ಕಾರಣವಿಲ್ಲದ ಅಳು. ಮನೆಯವರು ‘ಹೀಟು ಜಾಸ್ತಿಯಾಗಿದೆ, ಎಳನೀರು ಕುಡಿ’ ಎಂದು ಸುಮ್ಮನಾಗುತ್ತಾರೆ. ಎಳನೀರು ಒಳ್ಳೆಯದೇ, ಆದರೆ ಈ ಝಳ ಎಷ್ಟೋ ಹೆಂಗಸರನ್ನು ಏಳು ವರ್ಷ ಕಾಡುತ್ತದೆ!

ಇನ್ನೊಂದು ಮಾತನ್ನು ಸಂಕೋಚ ಬಿಟ್ಟು ಹೇಳಬೇಕು. ಮುಟ್ಟು ಎರಡು ಮೂರು ತಿಂಗಳು ತಪ್ಪಿತೆಂದು ಗರ್ಭ ನಿಲ್ಲುವುದಿಲ್ಲ ಎಂದುಕೊಳ್ಳುವಂತಿಲ್ಲ. 50ರ ಒಳಗೆ ಮುಟ್ಟು ನಿಂತವರು ಎರಡು ವರ್ಷ, 50 ದಾಟಿದವರು ಒಂದು ವರ್ಷ ಗರ್ಭನಿರೋಧಕ ಬಳಸಬೇಕೆಂಬುದು ವೈದ್ಯರ ಸಲಹೆ.

ಈ ವಯಸ್ಸಿನ ಬಗ್ಗೆ ಮಾತಾಡದೆ ಇದ್ದುದರ ಬೆಲೆಯನ್ನು ನಮ್ಮ ರಾಜ್ಯದಲ್ಲೇ ಹೆಂಗಸರು ತೆತ್ತಿದ್ದಾರೆ. ಕಲಬುರಗಿ ಜಿಲ್ಲೆಯ ತಾಂಡಾಗಳಲ್ಲಿ ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಲಂಬಾಣಿ ಮತ್ತು ದಲಿತ ಹೆಂಗಸರ ಗರ್ಭಕೋಶಗಳನ್ನೇ ತೆಗೆದ ಪ್ರಕರಣಗಳು 2015ರ ಸುಮಾರಿಗೆ ದೊಡ್ಡ ಸುದ್ದಿಯಾದವು. ಅವರಲ್ಲಿ ಹಲವರಿಗೆ 40 ಕೂಡ ಆಗಿರಲಿಲ್ಲ. ಮಾತ್ರೆಯಲ್ಲಿ ಗುಣವಾಗಬಹುದಾದ ಸೋಂಕಿಗೆ ಕತ್ತರಿ. ‘ಹೇಗಿದ್ದರೂ ಮಕ್ಕಳಾಗಿವೆ, ಇನ್ನೇಕೆ ಅದು, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ’ ಎಂಬ ಮಾತಿಗೆ ಎದುರಾಡುವಷ್ಟು ತಿಳಿವಳಿಕೆಯನ್ನು ಆ ಹೆಂಗಸರಿಗೆ ಯಾರೂ ಕೊಟ್ಟಿರಲಿಲ್ಲ. ಪಕ್ಕದ ಮಹಾರಾಷ್ಟ್ರದ ಬೀಡ್ ಜಿಲ್ಲೆಯ ಕಬ್ಬು ಕಡಿಯುವ ಹೆಂಗಸರದೂ ಇದೇ ಪಾಡು. ಮುಟ್ಟಿನ ದಿನ ಕೂಲಿ ತಪ್ಪಿದರೆ ದಂಡ ಬೀಳುತ್ತದೆಂದು ಗರ್ಭಕೋಶವನ್ನೇ ತೆಗೆಸಿಕೊಂಡವರಿದ್ದಾರೆ. 2015-16ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ ಸುಮಾರು ಮೂವರಿಗೆ ಗರ್ಭಕೋಶವಿರಲಿಲ್ಲ. ಈ ಶಸ್ತ್ರಚಿಕಿತ್ಸೆಗಳಲ್ಲಿ ಹೆಚ್ಚಿನವು ನಡೆದದ್ದು ಖಾಸಗಿ ಆಸ್ಪತ್ರೆಗಳಲ್ಲಿ. ಕೊನೆಗೆ ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ, ಅನಗತ್ಯ ಶಸ್ತ್ರಚಿಕಿತ್ಸೆ ತಡೆಯುವ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಜಾರಿಗೆ ತರುವಂತೆ ರಾಜ್ಯಗಳಿಗೆ ಹೇಳಬೇಕಾಯಿತು.

ಗರ್ಭಕೋಶದ ಜೊತೆಗೆ ಅಂಡಾಶಯಗಳನ್ನೂ ತೆಗೆದರೆ, ವರ್ಷಗಳ ಕಾಲ ನಿಧಾನವಾಗಿ ಆಗಬೇಕಾದ ಬದಲಾವಣೆ ಒಂದೇ ದಿನ ಮೈಮೇಲೆ ಬೀಳುತ್ತದೆ. ಮೂವತ್ತೈದಕ್ಕೇ ಝಳ, ಮೂವತ್ತೈದಕ್ಕೇ ಮೂಳೆ ಸವೆತ. ಅಂಡಾಶಯ ಉಳಿಸಿದರೂ ಋತುಬಂಧ ಬೇಗ ಬರಬಹುದು. ಗಂಭೀರ ಕಾರಣವಿದ್ದಾಗ ಈ ಶಸ್ತ್ರಚಿಕಿತ್ಸೆ ಜೀವ ಉಳಿಸುತ್ತದೆ, ಸಂಶಯವಿಲ್ಲ. ಆದರೆ ‘ತೆಗೆಸಿಬಿಡಿ’ ಎಂದವರನ್ನು ‘ಬೇರೆ ಏನು ದಾರಿ ಇದೆ?’ ಎಂದು ಕೇಳದೆ ಯಾರೂ ಸಹಿ ಹಾಕಬಾರದು. ಎರಡನೆಯ ವೈದ್ಯರನ್ನು ಕಾಣುವುದು ಮೊದಲನೆಯವರಿಗೆ ಅವಮಾನವೇನೂ ಅಲ್ಲ.

ಝಳ, ಬೆವರಿಗೆ ಕೊಡುವ ಹಾರ್ಮೋನ್ ಔಷಧದ ಕಥೆಯೂ ಭಯದಲ್ಲೇ ಸಿಕ್ಕಿಕೊಂಡಿತ್ತು. ಅಮೆರಿಕದಲ್ಲಿ 16,608 ಹೆಂಗಸರ ಮೇಲೆ ನಡೆಯುತ್ತಿದ್ದ ಹಾರ್ಮೋನ್ ಚಿಕಿತ್ಸೆಯ ಪ್ರಯೋಗವನ್ನು 2002ರ ಜುಲೈನಲ್ಲಿ ನಡುವೆಯೇ ನಿಲ್ಲಿಸಿದರು. ಸ್ತನ ಕ್ಯಾನ್ಸರ್ ಹೆಚ್ಚುತ್ತದೆ ಎಂಬ ಸುದ್ದಿ ಹಬ್ಬಿ ಜಗತ್ತಿನೆಲ್ಲೆಡೆ ಹೆಂಗಸರು ಮಾತ್ರೆ ಬಿಟ್ಟರು. ಲೆಕ್ಕ ನೋಡಿದರೆ ಆ ಹೆಚ್ಚಳ ವರ್ಷಕ್ಕೆ ಹತ್ತು ಸಾವಿರ ಹೆಂಗಸರಲ್ಲಿ ಎಂಟು. ಪ್ರಯೋಗದಲ್ಲಿದ್ದವರ ಸರಾಸರಿ ವಯಸ್ಸು 63, ಅಂದರೆ ಬಹುಪಾಲು ಜನ ಋತುಬಂಧ ದಾಟಿ ವರ್ಷಗಳೇ ಆಗಿದ್ದವರು. ಈಗಿನ ತಿಳಿವಳಿಕೆ ಬೇರೆ. ತೀವ್ರವಾಗಿ ಬಳಲುತ್ತಿರುವ, 60 ಮೀರದ ಅಥವಾ ಮುಟ್ಟು ನಿಂತು ಹತ್ತು ವರ್ಷ ಕಳೆಯದ ಆರೋಗ್ಯವಂತ ಹೆಂಗಸರಿಗೆ ಸಾಮಾನ್ಯವಾಗಿ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟಿದ ಇತಿಹಾಸವಿರುವವರು, ಯಕೃತ್ತಿನ ಕಾಯಿಲೆಯವರು ಇದರಿಂದ ದೂರವಿರಬೇಕು. ಮೆಡಿಕಲ್ ಶಾಪಿನಲ್ಲಿ ತಾವೇ ಕೇಳಿ ಕೊಳ್ಳುವ ಮಾತ್ರೆಯಂತೂ ಇದಲ್ಲ.

ಮೂಳೆಯ ವಿಷಯಕ್ಕೆ ಆಸ್ಪತ್ರೆಗಿಂತ ಮೊದಲು ತಟ್ಟೆ ನೋಡಬೇಕು. ಮುಟ್ಟು ನಿಂತ ಮೊದಲ ಕೆಲವು ವರ್ಷ ಮೂಳೆ ವೇಗವಾಗಿ ಸವೆಯುತ್ತದೆ. ಆಗ ದಿನಕ್ಕೆ ಬೇಕಾದ ಕ್ಯಾಲ್ಸಿಯಂ ಸುಮಾರು 1,200 ಮಿಲಿಗ್ರಾಂ. ನೂರು ಗ್ರಾಂ ರಾಗಿಯಲ್ಲಿ 350ರಷ್ಟಿದೆ. ಒಂದು ದೊಡ್ಡ ಮುದ್ದೆ, ಎರಡು ಲೋಟ ಹಾಲು ಅಥವಾ ಮೊಸರು, ಜೊತೆಗೆ ಎಳ್ಳಿನ ಚಟ್ನಿ, ಸೊಪ್ಪಿನ ಸಾರು ಇದ್ದರೆ ಮುಕ್ಕಾಲು ಪಾಲು ಬಂದಂತೆ. ಮಂಡ್ಯ, ತುಮಕೂರಿನ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಆದರೆ ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದದ್ದನ್ನು ಉಣ್ಣುವವಳ ತಟ್ಟೆಗೆ ಮೊಸರು ಎಷ್ಟು ಬೀಳುತ್ತದೆ ಎಂಬುದು ಬೇರೆಯೇ ಪ್ರಶ್ನೆ. ಬಿಸಿಲಲ್ಲಿ ಚುರುಕು ನಡಿಗೆ, ತೂಕ ಎತ್ತುವ ವ್ಯಾಯಾಮ ಎರಡೂ ಬೇಕು. ಮನೆಗೆಲಸವೇ ವ್ಯಾಯಾಮವೆಂದು ಗಂಡಂದಿರು ಹೇಳುವುದುಂಟು, ನಂಬಬೇಡಿ. ಈಸ್ಟ್ರೋಜನ್ ಇಳಿದ ಮೇಲೆ ಕೊಲೆಸ್ಟ್ರಾಲ್ ಏರುವುದರಿಂದ ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್ ಪರೀಕ್ಷೆಯನ್ನೂ ಬಿಡುವಂತಿಲ್ಲ.

ಒಂದು ವರ್ಷ ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ, ಅದು ಒಂದೇ ಹನಿಯಾಗಿರಲಿ, ಕೂಡಲೇ ತೋರಿಸಬೇಕು. ಹೆಚ್ಚಿನ ಸಲ ಸಣ್ಣ ಕಾರಣವೇ ಇರುತ್ತದೆ. ಆದರೆ ಗರ್ಭಕೋಶದ ಒಳಪದರದ ಕ್ಯಾನ್ಸರ್ ಹೀಗೆಯೇ ಸುಳಿವು ಕೊಡುತ್ತದೆ, ಬೇಗ ಸಿಕ್ಕರೆ ಗುಣವಾಗುತ್ತದೆ.

ಪ್ರದರ್ಶನ ಈಗ ಉದ್ಘಾಟನೆಯಾಗಿದೆ. ಬಲಗಡೆಯ ಮೊದಲ ಮಳಿಗೆಯಲ್ಲಿ ಬಿಪಿ, ಸಕ್ಕರೆ ಪರೀಕ್ಷೆ. ಅದರ ಪಕ್ಕದಲ್ಲಿ ಸ್ತ್ರೀರೋಗ ತಜ್ಞೆಯರು ಪರದೆಯ ಹಿಂದೆ ಒಬ್ಬೊಬ್ಬರೊಡನೆ ಮಾತಾಡುತ್ತಾರೆ. ಶಸ್ತ್ರಚಿಕಿತ್ಸೆಗೆ ದಿನ ನಿಗದಿಯಾಗಿರುವವರು ಸ್ಕ್ಯಾನಿಂಗ್ ರಿಪೋರ್ಟು ತಂದಿದ್ದರೆ ಅಲ್ಲಿ ತೋರಿಸಬಹುದು. ಸಂಜೆ ಆರರವರೆಗೆ ಅವರು ಇಲ್ಲೇ ಇರುತ್ತಾರೆ.