ಉಪಗ್ರಹದ ಹಿಂದೆ ಸೂರ್ಯ ಬಂದಾಗ



ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಹಳ್ಳಿಗಳಲ್ಲಿ ಮಾಳಿಗೆಯ ಮೇಲೆ ಡಿಶ್ ಇರುವುದು ಈಗ ದೊಡ್ಡ ಮಾತಲ್ಲ. ಆ ಡಿಶ್ ವರ್ಷಕ್ಕೆ ಎರಡು ಸಲ, ಮೋಡವೇ ಇಲ್ಲದ ನಿಚ್ಚಳ ಬಿಸಿಲಿನಲ್ಲಿ, ಕೆಲವು ನಿಮಿಷ ಕುರುಡಾಗುತ್ತದೆ. ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ಮಾತು ತುಂಡಾಗುತ್ತದೆ, ಆಮೇಲೆ ‘ಸಿಗ್ನಲ್ ಇಲ್ಲ’ ಎಂಬ ಬರಹ. ಮಳೆಗಾಲದಲ್ಲಿ ಹೀಗಾದರೆ ಮೋಡವನ್ನು ಬೈದು ಸುಮ್ಮನಾಗುತ್ತೇವೆ. ಬಿಸಿಲಲ್ಲಿ ಆದರೆ ಅನುಮಾನ ಡಿಶ್ ಮೇಲೆ. ಯಾರಾದರೂ ಮಾಳಿಗೆ ಹತ್ತಿ ಅದನ್ನು ಅತ್ತಿತ್ತ ತಿರುಗಿಸುತ್ತಾರೆ. ಹತ್ತು ನಿಮಿಷದಲ್ಲಿ ತಾನಾಗಿಯೇ ಬರಬೇಕಿದ್ದ ಚಿತ್ರ ಆಗ ನಿಜಕ್ಕೂ ಹೋಗಿಬಿಡುತ್ತದೆ. ಮತ್ತೆ ಮೆಕ್ಯಾನಿಕ್ ಬರಬೇಕು, ಅವನಿಗೆ ದುಡ್ಡು ಕೊಡಬೇಕು. ಕೂಲಿಯಿಂದ ನಡೆಯುವ ಮನೆಗೆ ಅದು ಸಣ್ಣ ಖರ್ಚಲ್ಲ.

ತಪ್ಪು ಡಿಶ್‌ನದಲ್ಲ. ಟಿ.ವಿ. ಉಪಗ್ರಹ ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿ.ಮೀ. ಎತ್ತರದಲ್ಲಿ, ಭೂಮಿ ತಿರುಗುವಷ್ಟೇ ವೇಳೆಯಲ್ಲಿ ಒಂದು ಸುತ್ತು ಹಾಕುತ್ತ, ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತಿರುತ್ತದೆ. ಹಗಲು-ರಾತ್ರಿ ಸಮವಾಗುವ ಕಾಲದ ಆಸುಪಾಸಿನಲ್ಲಿ ಸೂರ್ಯನ ದಾರಿ ಸರಿಯಾಗಿ ಅದರ ಬೆನ್ನ ಹಿಂದೆ ಹಾಯುತ್ತದೆ. ಸೂರ್ಯ ಸೂಸುವುದು ಬೆಳಕು, ಶಾಖ ಮಾತ್ರವಲ್ಲ. ರೇಡಿಯೊ ಅಲೆಗಳನ್ನೂ ಸೂಸುತ್ತಾನೆ. ಉಪಗ್ರಹದ ಸಿಗ್ನಲ್ ನಮ್ಮ ತನಕ ಬರುವಷ್ಟರಲ್ಲಿ ತೀರ ಕ್ಷೀಣವಾಗಿರುತ್ತದೆ. ಜಾತ್ರೆಯಲ್ಲಿ ಹಲಗೆ ಬಾರಿಸುವವರ ಪಕ್ಕ ನಿಂತು ಪಿಸುಮಾತು ಕೇಳಿದಂತೆ! ಡಿಶ್‌ಗೆ ಎರಡೂ ಒಂದೇ ದಿಕ್ಕಿನಿಂದ ಬರುತ್ತವೆ; ಬೇರ್ಪಡಿಸಲು ಅದಕ್ಕೆ ಆಗದು.

ಆಕಾಶದಲ್ಲಿ ಸೂರ್ಯ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತಾನೆ. ಮನೆಯ ಸಣ್ಣ ಡಿಶ್‌ನ ನೋಟ ಸುಮಾರು ಮೂರು ಡಿಗ್ರಿ ಅಗಲ. ಹಾಗಾಗಿ ಅಡಚಣೆ ಹೆಚ್ಚೆಂದರೆ ಹತ್ತು-ಹನ್ನೆರಡು ನಿಮಿಷ, ಒಂದು ವಾರದ ಮಟ್ಟಿಗೆ. ನಾವು ಭೂಮಧ್ಯರೇಖೆಗಿಂತ ಉತ್ತರದಲ್ಲಿರುವುದರಿಂದ ಉಪಗ್ರಹ ನಮಗೆ ತುಸು ದಕ್ಷಿಣಕ್ಕೆ ಸರಿದಂತೆ ಕಾಣುತ್ತದೆ. ಲೆಕ್ಕ ಹಾಕಿದರೆ ಕಲಬುರಗಿ ಸೀಮೆಯಲ್ಲಿ ಇದು ಬಲವಾಗಿರುವುದು ಮಾರ್ಚ್ 12-13ರ ಹಾಗೂ ಸೆಪ್ಟೆಂಬರ್ 30, ಅಕ್ಟೋಬರ್ 1ರ ಅಕ್ಕಪಕ್ಕ. ಮಾರ್ಚ್‌ನಲ್ಲಿ ದೆಹಲಿಯವರಿಗೆ ನಾಲ್ಕೈದು ದಿನ ಮೊದಲೇ, ಬೆಂಗಳೂರಿನವರಿಗೆ ಒಂದೆರಡು ದಿನ ತಡವಾಗಿ. ದೂರದರ್ಶನದ ಫ್ರೀ ಡಿಶ್ ಕಾರ್ಯಕ್ರಮ ಬರುವುದು 93.5 ಡಿಗ್ರಿ ಪೂರ್ವದಲ್ಲಿರುವ ಜಿಸ್ಯಾಟ್-15ರಿಂದ. ಅದನ್ನು ನೋಡುವ ಮನೆಗಳಲ್ಲಿ ಬೆಳಿಗ್ಗೆ 11ರ ಆಸುಪಾಸು ಚಿತ್ರ ಹೋಗುತ್ತದೆ. 83 ಡಿಗ್ರಿಯ ಉಪಗ್ರಹಕ್ಕೆ ತಿರುಗಿರುವ ಡಿಶ್‌ಗಳಿಗೆ 12ರ ಹೊತ್ತಿಗೆ. ನೆರೆಮನೆಯ ಟಿ.ವಿ. ಓಡುತ್ತಿದ್ದು ನಮ್ಮದು ಮಾತ್ರ ನಿಂತರೆ ಗಾಬರಿಯಾಗುವುದು ಸಹಜ, ಅದರಲ್ಲೂ ಕ್ರಿಕೆಟ್ ನಡೆಯುತ್ತಿದ್ದರೆ. ಉಪಗ್ರಹ ಬೇರೆ, ಅಷ್ಟೆ.

ಹಾಗೆ ನೋಡಿದರೆ ಉಪಗ್ರಹ ಟಿ.ವಿ. ಈ ಜಿಲ್ಲೆಗೆ ಹೊಸದೇನಲ್ಲ. ಅಮೆರಿಕದ ನಾಸಾ ಒಂದು ವರ್ಷದ ಮಟ್ಟಿಗೆ ಕೊಟ್ಟಿದ್ದ ಎಟಿಎಸ್-6 ಉಪಗ್ರಹದಿಂದ 1975ರ ಆಗಸ್ಟ್ 1ರಂದು ‘ಸೈಟ್’ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಲ್ಲಿ ಸಮುದಾಯ ಟಿ.ವಿ. ಇಟ್ಟರು. ಕರ್ನಾಟಕದಲ್ಲಿ ಆಯ್ಕೆಯಾದದ್ದು ಗುಲ್ಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳು. ಬೆಂಗಳೂರಿನ ಮನೆಗಳಲ್ಲಿ ಟಿ.ವಿ. ಇಲ್ಲದ ಕಾಲದಲ್ಲಿ, ಬರದ ಸೀಮೆಯ ಹಳ್ಳಿಗರು ಶಾಲೆಯಂಗಳದಲ್ಲಿ ಕುಳಿತು ಕನ್ನಡದಲ್ಲಿ ಬೇಸಾಯ, ಆರೋಗ್ಯದ ಮಾತು ಕೇಳಿದರು. ಇದನ್ನು ನಾವು ಮರೆತೇಬಿಟ್ಟಿದ್ದೇವೆ. ಆ ಡಿಶ್ ಹತ್ತು ಅಡಿ ಅಗಲದ್ದು, ಕೋಳಿ ಗೂಡಿಗೆ ಬಳಸುವಂಥ ತಂತಿಬಲೆಯದು. ಎಟಿಎಸ್-6 ಪಶ್ಚಿಮಕ್ಕೆ, 35 ಡಿಗ್ರಿಯಲ್ಲಿತ್ತು. ಸೂರ್ಯ ಅದರ ಹಿಂದೆ ಬರುತ್ತಿದ್ದುದು ಮಧ್ಯಾಹ್ನ ಮೂರೂವರೆಯ ಆಸುಪಾಸಿನಲ್ಲಿ. ಕಾರ್ಯಕ್ರಮವೋ ಬೆಳಿಗ್ಗೆ ಮತ್ತು ಸಂಜೆ. ಹಾಗಾಗಿ ಆ ಪ್ರೇಕ್ಷಕರಿಗೆ ಸೂರ್ಯನ ಕಾಟ ತಟ್ಟುವಂತಿರಲಿಲ್ಲ. 1976ರ ಜುಲೈ 31ಕ್ಕೆ ಪ್ರಯೋಗ ಮುಗಿಯಿತು. ಮರುವರ್ಷ ಗುಲ್ಬರ್ಗಾದಲ್ಲಿ ಟಿ.ವಿ. ಕೇಂದ್ರ ಬಂತು.

ಈಗ ದಿನವಿಡೀ ಪ್ರಸಾರ. ಅಡಚಣೆ ಕಣ್ಣಿಗೆ ಬೀಳುತ್ತದೆ. ಆ ದಿನಗಳಲ್ಲಿ ಚಿತ್ರ ಹೋದರೆ ಗಡಿಯಾರ ನೋಡಿ, ಕಾಲು ಗಂಟೆ ಕಾಯಿರಿ. ಡಿಶ್‌ಗೆ ಇದರಿಂದ ಸಾಮಾನ್ಯವಾಗಿ ಏನೂ ಹಾನಿಯಿಲ್ಲ. ಮಾಳಿಗೆ ಹತ್ತಲೇಬೇಕೆನಿಸಿದರೆ ಹತ್ತಿ. ಸೂರ್ಯನನ್ನು ನೇರ ನೋಡಬೇಡಿ, ಡಿಶ್ ಮೇಲಿನ ನೆರಳು ನೋಡಿ. ಆ ಗಳಿಗೆಯಲ್ಲಿ ಸೂರ್ಯ ಇರುವ ಕಡೆಯೇ ಉಪಗ್ರಹವೂ ಇರುತ್ತದೆ. ಬೇವಿನ ಕೊಂಬೆಯ ನೆರಳು ಡಿಶ್ ಮೇಲೆ ಬಿದ್ದಿದ್ದರೆ ಸಿಗ್ನಲ್ ಬರುವ ದಾರಿಯಲ್ಲೇ ಆ ಕೊಂಬೆ ಇದೆಯೆಂದು ತಿಳಿಯಿರಿ. ಮಾರ್ಚ್‌ನಲ್ಲಿ ಎಲೆ ಉದುರಿದ ಬೇವು ಸಿಗ್ನಲನ್ನು ಹೇಗೋ ಬಿಟ್ಟುಕೊಡುತ್ತದೆ, ಮಳೆಗಾಲಕ್ಕೆ ತುಂಬಿಕೊಂಡು ತಡೆಯುತ್ತದೆ. ಆಗ ಎಷ್ಟು ತಿರುಗಿಸಿದರೂ ಫಲವಿಲ್ಲ. ಕೊಂಬೆ ಸವರಬೇಕು, ಇಲ್ಲವೇ ಡಿಶ್ ಜಾಗ ಬದಲಿಸಬೇಕು.