ಅಪರಾಧಶಾಸ್ತ್ರದಲ್ಲಿ ಪಿಎಚ್.ಡಿ.: ಅರ್ಹತೆ ಏನು, ದುಡ್ಡು ಎಲ್ಲಿಂದ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ಬಿಇ ಓದಿ ಸಾಫ್ಟ್‌ವೇರ್ ಕೆಲಸ ಮಾಡುವವನು ಅಪರಾಧಶಾಸ್ತ್ರದ ಬಗ್ಗೆ ಯಾಕೆ ಮಾತಾಡುತ್ತಾನೆ ಎಂದು ನಿಮಗೆ ಅನ್ನಿಸಬಹುದು. ಅದಕ್ಕೆ ಎರಡು ಕಾರಣ. ನಾನು ಮೊಬೈಲ್ ಮೂಲಕ ಹಣ ಪಾವತಿಸುವ ತಂತ್ರಾಂಶದ ಕೆಲಸದಲ್ಲಿದ್ದೇನೆ. ಒಟಿಪಿ ಕೇಳಿ ದುಡ್ಡು ಎಗರಿಸುವವರನ್ನು ತಡೆಯಲು ನಾವು ಬೀಗದ ಮೇಲೆ ಬೀಗ ಹಾಕುತ್ತೇವೆ. ಆದರೆ ಓದುಬರಹ ಬಲ್ಲವರೂ ಯಾಕೆ ಮೋಸ ಹೋಗುತ್ತಾರೆ, ಇಪ್ಪತ್ತು ವರ್ಷದ ಹುಡುಗ ಈ ದಂಧೆಗೆ ಯಾಕೆ ಇಳಿಯುತ್ತಾನೆ ಎಂಬ ಪ್ರಶ್ನೆಗೆ ಕಂಪ್ಯೂಟರಿನಲ್ಲಿ ಉತ್ತರವಿಲ್ಲ. ಅದನ್ನು ಹುಡುಕುವ ವಿದ್ಯೆಯೇ ಅಪರಾಧಶಾಸ್ತ್ರ.

ಎರಡನೆಯ ಕಾರಣ, ನಮ್ಮ ಶಾಲೆಯಲ್ಲೇ ಓದಿದ ಒಬ್ಬ ಹುಡುಗಿ. ಈಗ ಅವಳು ಇದೇ ವಿಷಯದಲ್ಲಿ ಸ್ನಾತಕೋತ್ತರ ಪದವಿಯ ಕೊನೆಯ ವರ್ಷದಲ್ಲಿದ್ದಾಳೆ. ಸಂಶೋಧನೆ ಮಾಡುವ ಆಸೆ ಅವಳದು. "ಇನ್ನೂ ಐದು ವರ್ಷ ಓದಿಸೋಕೆ ದುಡ್ಡು ಎಲ್ಲಿಂದ ತರೋದು?" ಎಂಬುದು ಮನೆಯವರ ಪ್ರಶ್ನೆ. ಅವರು ಕೇಳುವುದರಲ್ಲಿ ತಪ್ಪಿಲ್ಲ. ಅವಳಿಗಾಗಿ ಹುಡುಕಿ ತಿಳಿದದ್ದನ್ನು ನಿಮ್ಮೆಲ್ಲರ ಮುಂದೆ ಇಡುತ್ತಿದ್ದೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ರಕ್ತದ ಕಲೆ, ಬೆರಳಚ್ಚು ಪರೀಕ್ಷಿಸುವುದು ವಿಧಿವಿಜ್ಞಾನ. ಅಪರಾಧ ಯಾಕೆ ನಡೆಯುತ್ತದೆ, ಶಿಕ್ಷೆಯಿಂದ ಮನುಷ್ಯ ಬದಲಾಗುತ್ತಾನೆಯೇ, ನೊಂದವರಿಗೆ ಏನು ಸಿಕ್ಕಿತು ಎಂದು ಕೇಳುವುದು ಅಪರಾಧಶಾಸ್ತ್ರ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ದೇಶದ ಅಪರಾಧಗಳ ಲೆಕ್ಕವನ್ನು ಪ್ರಕಟಿಸುತ್ತದೆ. 'ಎಷ್ಟು' ಎಂಬುದು ಆ ಲೆಕ್ಕದಲ್ಲಿದೆ. 'ಯಾಕೆ' ಎಂಬುದನ್ನು ಸಂಶೋಧಕರೇ ಹುಡುಕಬೇಕು. ನಮ್ಮಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಈ ವಿಭಾಗವಿದೆ. ಪಕ್ಕದ ತಮಿಳುನಾಡಿನಲ್ಲಿ ಮದರಾಸು ವಿಶ್ವವಿದ್ಯಾಲಯ ಮತ್ತು ತಿರುನೆಲ್ವೇಲಿಯ ಮನೋನ್ಮಣಿಯಂ ಸುಂದರನಾರ್ ವಿಶ್ವವಿದ್ಯಾಲಯಗಳಿವೆ. ಗುಜರಾತಿನ ಗಾಂಧಿನಗರದಲ್ಲಿ ರಾಷ್ಟ್ರೀಯ ರಕ್ಷಾ ವಿಶ್ವವಿದ್ಯಾಲಯವಿದೆ.

ಈಗ ಪ್ರವೇಶದ ವಿಚಾರ. ಯುಜಿಸಿಯ 2022ರ ನಿಯಮದಂತೆ ಎರಡು ವರ್ಷದ ಸ್ನಾತಕೋತ್ತರ ಪದವಿಯಲ್ಲಿ ಶೇ. 55 ಅಂಕ ಬೇಕು. ಪರಿಶಿಷ್ಟ ಜಾತಿ, ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಆರ್ಥಿಕವಾಗಿ ದುರ್ಬಲ ವರ್ಗ ಮತ್ತು ಅಂಗವಿಕಲ ವಿದ್ಯಾರ್ಥಿಗಳಿಗೆ ಶೇ. 5ರ ರಿಯಾಯಿತಿ ಇದೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ಪಡೆದವರೂ ನೇರವಾಗಿ ಅರ್ಜಿ ಹಾಕಬಹುದು. ಆದರೆ ಬೇರೆ ವಿಷಯ ಓದಿದವರನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಆಯಾ ವಿಶ್ವವಿದ್ಯಾಲಯದ ಪ್ರಕಟಣೆ ನೋಡಿಕೊಳ್ಳಬೇಕು.

ಮುಂದಿನ ಮೆಟ್ಟಿಲು ಪರೀಕ್ಷೆ. ವಿಶ್ವವಿದ್ಯಾಲಯವೇ ನಡೆಸುವ ಪ್ರವೇಶ ಪರೀಕ್ಷೆ ಇರಬಹುದು, ಇಲ್ಲವೇ ನೆಟ್. ನೆಟ್ ವರ್ಷಕ್ಕೆ ಎರಡು ಸಲ ನಡೆಯುತ್ತದೆ. ಅಪರಾಧಶಾಸ್ತ್ರವೂ ಅದರಲ್ಲೊಂದು ವಿಷಯ. ಮೂರು ಗಂಟೆಯಲ್ಲಿ 150 ಪ್ರಶ್ನೆ, 300 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಸ್ನಾತಕೋತ್ತರದ ಕೊನೆಯ ವರ್ಷದಲ್ಲಿ ಇರುವಾಗಲೇ ಬರೆಯಬಹುದು. ಪರೀಕ್ಷೆಯ ನಂತರ ಸಂದರ್ಶನ. ಯಾವ ಪ್ರಶ್ನೆಯ ಬೆನ್ನು ಹತ್ತಿದ್ದೀರಿ ಎಂದು ಅಲ್ಲಿ ಸ್ಪಷ್ಟವಾಗಿ ಹೇಳಲು ಬರಬೇಕು. ಒಬ್ಬ ಪ್ರೊಫೆಸರ್ ಒಂದು ಕಾಲಕ್ಕೆ 8 ಜನರಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4. ವಿಭಾಗಗಳೇ ಕಡಿಮೆ ಇರುವುದರಿಂದ ಸೀಟುಗಳೂ ಕಡಿಮೆ. ಹಾಗಾಗಿ ಯಾರ ಬಳಿ ಜಾಗ ಖಾಲಿ ಇದೆ ಎಂದು ಮೊದಲೇ ವಿಚಾರಿಸಿ.

ಅವಧಿ ಕನಿಷ್ಠ 3 ವರ್ಷ, ಸಾಮಾನ್ಯವಾಗಿ ಗರಿಷ್ಠ 6 ವರ್ಷ. ಹೆಣ್ಣುಮಕ್ಕಳಿಗೆ ಹೆಚ್ಚುವರಿ ಕಾಲಾವಕಾಶವಿದೆ. ಹೆರಿಗೆ, ಮಗುವಿನ ಆರೈಕೆಗೆ 240 ದಿನಗಳವರೆಗೆ ರಜೆಯೂ ಇದೆ. "ಮದುವೆಯಾದರೆ ಓದು ನಿಂತಿತು" ಎಂದು ನಿಯಮ ಎಲ್ಲೂ ಹೇಳುವುದಿಲ್ಲ. ಹಾಗೆ ಹೇಳುವವರು ನಾವೇ.

ಇನ್ನು ದುಡ್ಡಿನ ವಿಚಾರ. ನೆಟ್‌ನಲ್ಲಿ ಮೇಲಿನ ಅಂಕ ಪಡೆದವರಿಗೆ ಜೆಆರ್‌ಎಫ್ ಎಂಬ ಫೆಲೋಶಿಪ್ ಸಿಗುತ್ತದೆ. 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ. ಕೆಲಸ ತೃಪ್ತಿಕರವಾಗಿದ್ದರೆ ಆಮೇಲೆ 42,000. ಐದು ವರ್ಷ ಪೂರ್ತಿ ಸಿಕ್ಕರೆ 24 ಲಕ್ಷವಾಯಿತು. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ. ಮನೆ ಬಾಡಿಗೆ ಭತ್ಯೆ, ಪುಸ್ತಕ-ಓಡಾಟದ ಖರ್ಚು ಬೇರೆ. ಆದರೆ ಇದಕ್ಕೆ ವಯಸ್ಸಿನ ಮಿತಿ 30; ಮಹಿಳೆಯರಿಗೂ ಮೀಸಲಾತಿ ವರ್ಗದವರಿಗೂ 5 ವರ್ಷ ಸಡಿಲಿಕೆ. ನೆಟ್ ಪಾಸಾದ ಎಲ್ಲರಿಗೂ ಈ ಹಣ ಬರುವುದಿಲ್ಲ ಎಂಬುದೂ ನೆನಪಿರಲಿ. ಪಿಎಚ್.ಡಿ. ಪ್ರವೇಶಕ್ಕೆ ಮಾತ್ರ ಅರ್ಹರಾಗುವವರು ಬೇರೆ ಇದ್ದಾರೆ.

ಜೆಆರ್‌ಎಫ್ ತಪ್ಪಿದರೆ ದಾರಿ ಮುಚ್ಚಲಿಲ್ಲ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗಗಳಿಗೆ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ತಂದೆತಾಯಿಗೆ ಒಬ್ಬಳೇ ಮಗಳಾದರೆ ಸಾವಿತ್ರಿಬಾಯಿ ಜ್ಯೋತಿರಾವ್ ಫುಲೆ ಹೆಸರಿನ ಫೆಲೋಶಿಪ್ ಇದೆ. ಸಮಾಜ ವಿಜ್ಞಾನಗಳಿಗೆ ಐಸಿಎಸ್‌ಎಸ್‌ಆರ್ ನೆರವು ಕೊಡುತ್ತದೆ. ಕೇಂದ್ರ ಗೃಹ ಇಲಾಖೆಯ ಪೊಲೀಸ್ ಸಂಶೋಧನೆ ಮತ್ತು ಅಭಿವೃದ್ಧಿ ಬ್ಯೂರೋ ಅಪರಾಧಶಾಸ್ತ್ರ, ಪೊಲೀಸ್ ವಿಜ್ಞಾನದ ಸಂಶೋಧಕರಿಗೆಂದೇ ಫೆಲೋಶಿಪ್ ಇಟ್ಟಿದೆ. ಇದು ಬಹಳ ಜನರಿಗೆ ಗೊತ್ತಿಲ್ಲ. ಇವುಗಳ ಕೊನೆಯ ದಿನಾಂಕ ಬೇರೆ ಬೇರೆ. ಜಾತಿ, ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಿ. ಪ್ರವೇಶವಾದ ತಕ್ಷಣ ಹಣ ಕೈಗೆ ಬರುತ್ತದೆ ಎಂದು ಮಾತ್ರ ನಂಬಿ ಕೂರಬೇಡಿ. ಮೊದಲ ಕೆಲವು ತಿಂಗಳ ಊಟ, ಹಾಸ್ಟೆಲ್ ಖರ್ಚಿಗೆ ವ್ಯವಸ್ಥೆ ಇರಲಿ.

ಅಮೆರಿಕದ ಹಲವು ವಿಶ್ವವಿದ್ಯಾಲಯಗಳಲ್ಲಿ ಪಾಠಕ್ಕೋ ಸಂಶೋಧನೆಗೋ ನೆರವಾಗುವ ಪಿಎಚ್.ಡಿ. ವಿದ್ಯಾರ್ಥಿಗೆ ಶುಲ್ಕ ಮನ್ನಾ ಮಾಡಿ ಭತ್ಯೆಯನ್ನೂ ಕೊಡುತ್ತಾರೆ. ಅಂಕಪಟ್ಟಿ, ಪ್ರಾಧ್ಯಾಪಕರ ಶಿಫಾರಸು ಪತ್ರ, ಸಂಶೋಧನೆಯ ಉದ್ದೇಶ ತಿಳಿಸುವ ಬರಹ, ಇಂಗ್ಲಿಷ್ ಪರೀಕ್ಷೆಯ ಅಂಕ ಕೇಳುತ್ತಾರೆ. ಹೋಗುವ ಮನಸ್ಸಿದ್ದರೆ "ಈ ಸೀಟಿಗೆ ಹಣದ ನೆರವು ಇದೆಯೇ" ಎಂಬುದನ್ನೇ ಮೊದಲು ಕೇಳಿ.

ನಮ್ಮ ಮಕ್ಕಳಿಗೆ ನಿಜವಾದ ತೊಡಕು ಇನ್ನೊಂದಿದೆ. ನೆಟ್‌ನಲ್ಲಿ ಭಾಷಾ ವಿಷಯಗಳನ್ನು ಬಿಟ್ಟರೆ ಪ್ರಶ್ನೆಪತ್ರಿಕೆ ಇರುವುದು ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ. ಕನ್ನಡ ಮಾಧ್ಯಮದ ಮಗುವಿಗೆ ಬುದ್ಧಿ ಕಡಿಮೆಯಿಲ್ಲ, ಆ ಭಾಷೆಯ ರೂಢಿ ಕಡಿಮೆ. ಹೈಸ್ಕೂಲಿನಿಂದಲೇ ದಿನಕ್ಕೊಂದು ಪುಟ ಇಂಗ್ಲಿಷ್ ಓದಿದರೆ ಆ ಭಯ ಹೋಗುತ್ತದೆ. ಸಂಶೋಧನೆಗೆ ಇಳಿದ ಮೇಲೆ ಕನ್ನಡವೇ ಬಲ. ಜೈಲಿನಲ್ಲಿರುವವನ ಜೊತೆ, ಮೋಸ ಹೋದ ಅಜ್ಜಿಯ ಜೊತೆ ಅವರ ಮಾತಿನಲ್ಲೇ ಕೂತು ಮಾತಾಡಬಲ್ಲವರು ನೀವು.

ಕೊನೆಗೆ ಹಳೆಯ ವಿದ್ಯಾರ್ಥಿ ಮಿತ್ರರಲ್ಲಿ ಒಂದು ಕೋರಿಕೆ. ಈ ಸಂಭ್ರಮದಲ್ಲಿ ನಾವು ಕಮಾನು, ರಂಗಮಂದಿರ ಎಂದು ಮಾತಾಡುತ್ತಿದ್ದೇವೆ. ಅದರ ಜೊತೆಗೆ ಒಂದು ಸಣ್ಣ ನಿಧಿ ಇಡೋಣ. ಮುಂದೆ ಓದುವ ನಮ್ಮ ಶಾಲೆಯ ಮಕ್ಕಳ ಪರೀಕ್ಷಾ ಶುಲ್ಕ, ಸಂದರ್ಶನಕ್ಕೆ ಹೋಗಿಬರುವ ಖರ್ಚು, ಫೆಲೋಶಿಪ್ ಬರುವವರೆಗಿನ ಮೂರ್ನಾಲ್ಕು ತಿಂಗಳ ಊಟದ ಹಣ, ಇಷ್ಟನ್ನು ನೋಡಿಕೊಂಡರೆ ಸಾಕು. ಉಳಿದದ್ದಕ್ಕೆ ಸರ್ಕಾರದ ಫೆಲೋಶಿಪ್ ಇದೆ. ಮೊದಲ ಕಂತನ್ನು ನಾನು ಇಂದೇ ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ.